ಗೋಡೆ ಮುಟ್ಟಬೇಡಿ ಅಕ್ಕಾ!

"ಗೋಡೆ ಮುಟ್ಟಬೇಡಿ ಅಕ್ಕಾ!"

ಚೀರಿದವಳು ಮಂಜುಳಾ. ಕೈ ಎತ್ತಿದ್ದವಳು ನಾನು. ಗೋಡೆ, ನನ್ನ ತಮ್ಮ ರಮೇಶ ಕೊಳ್ಳಬೇಕೆಂದು ಹೊರಟಿದ್ದ ಮನೆಯದು.

ಮನೆ ಇರುವುದು ಬಾಗಲೂರಿನ ಆಚೆ. ಇಟ್ಟಿಗೆಯದಲ್ಲ. ಎಲ್ಲೋ ತಯಾರಾಗಿ, ಲಾರಿಯಲ್ಲಿ ಬಂದು, ಬೋಲ್ಟ್ ಬಿಗಿಸಿ ನಿಲ್ಲಿಸಿದ ರೆಡಿಮೇಡ್ ಮನೆ. ತಗಡುಗಳ ನಡುವೆ ಥರ್ಮಾಕೋಲ್ ತುಂಬಿದ ಗೋಡೆಗಳು. (ಹೊಸದರಲ್ಲಿ ಚೆನ್ನಾಗಿಯೇ ಇರುತ್ತವೆ, ದೂರುವುದಿಲ್ಲ.) ಆದರೆ ಇದು ಹಳೆಯದು. ರಮೇಶ ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಾಡಿಗೆ ಮನೆ ಬದಲಿಸಿ ಬದಲಿಸಿ ಸುಸ್ತಾಗಿದ್ದ. "ಅಕ್ಕ, ನೀನೊಂದ್ಸಲ ಬಂದು ನೋಡ್ಬುಡು" ಅಂದ. ಹೋದೆ.

ಮನೆ ಮಾರುತ್ತಿದ್ದ ಯಜಮಾನರು ಬಾಗಿಲಲ್ಲೇ ನಿಂತಿದ್ದರು. "ಬನ್ನಿ ಮೇಡಂ, ಪೇಂಟ್ ಹೊಡ್ಸಿ ವಾರಾನೂ ಆಗಿಲ್ಲ."

ನನಗೆ ಅನುಮಾನ ಶುರುವಾಗಿದ್ದೇ ಅಲ್ಲಿ. ಮಾರುವ ಮನೆಗೆ ಇಷ್ಟು ಅವಸರದಲ್ಲಿ ಬಣ್ಣ ಯಾಕೆ?

ನೆಲದ ಮ್ಯಾಟಿನ ಮೂಲೆ ಎತ್ತಿದೆ. ಗೋಡೆ ಕೂತಿದ್ದ ಕಬ್ಬಿಣದ ಪಟ್ಟಿ ತುಕ್ಕು ಹಿಡಿದು ಉದುರುತ್ತಿತ್ತು. ಗೋಡೆಗಳು ಸೇರುವ ಕಡೆ ಬಾಯಿ ಬಿಟ್ಟ ಸಂದಿಗೆ ಗಮ್ ಮೆತ್ತಿ ಬಣ್ಣ ಬಳಿದಿದ್ದರು. ರಮೇಶ ಸ್ಟೂಲ್ ಹತ್ತಿ ನೋಡಿದರೆ ಚಾವಣಿಯ ಅಂಚಿನಲ್ಲಿ ನೀರಿಳಿದ ಗುರುತು.

"ಹಳೇ ಮನೆ ಅಂದ್ಮೇಲೆ ಇಷ್ಟಾದ್ರೂ ಇರಲ್ವಾ ಮೇಡಂ?"

ಸರಿ, ಇರಲಿ ಎಂದುಕೊಂಡು ಅಡುಗೆಮನೆಗೆ ಬಂದೆ. ಬಾಡಿಗೆಗಿದ್ದ ಮಂಜುಳಾ ಸೊಂಟದ ಮೇಲೆ ಮಗು ಇಟ್ಟುಕೊಂಡು ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಗೋಡೆ ಎಷ್ಟು ಗಟ್ಟಿ ಎಂದು ತಟ್ಟಿ ನೋಡಲು ಕೈ ಎತ್ತಿದೆ. ಆಗಲೇ ಅವಳು ಚೀರಿದ್ದು.

"ನೆನ್ನೆ ಮಳೆ ಬಿದ್ದೈತಲ್ಲಕ್ಕ, ಗೋಡೇಲಿ ಕರೆಂಟ್ ಬತ್ತದೆ."

"ನಿನ್ನ ಯಾರಮ್ಮ ಕೇಳಿದ್ದು? ಸುಮ್ನಿರು" ಎಂದು ಯಜಮಾನರು ಗದರಿದರು.

ನಾನು ಕೇಳಿದೆ. "ಇವರಿಗೆ ಹೇಳಿಲ್ವೇನಮ್ಮ?"

"ಹೋದ್ ಮಳೆಗಾಲದಿಂದ್ಲೂ ಹೇಳ್ತಾನೇ ಇವ್ನಿ. ರಬ್ಬರ್ ಚಪ್ಲಿ ಹಾಕ್ಕಂಡು ಅಡ್ಗೆ ಮಾಡು ಅಂದ್ರು."

ಅವಳ ಕಾಲು ನೋಡಿದೆ. ಚಪ್ಪಲಿ ಇತ್ತು. ಕೆಳಗಿಳಿಯಲು ಹಟ ಮಾಡುತ್ತಿದ್ದ ಮಗುವಿನ ಕಾಲಿಗೆ ಏನೂ ಇರಲಿಲ್ಲ.

ಮೈಯೆಲ್ಲ ಉರಿದುಹೋಯಿತು. ನೋಡಲು ಬರುವವರಿಗೆ ಬಣ್ಣ, ಬದುಕುವವರಿಗೆ ಚಪ್ಪಲಿ! ನಾನೇ ಹೋಗಿ ಮೇನ್ ಸ್ವಿಚ್ ಇಳಿಸಿದೆ. "ಎಲೆಕ್ಟ್ರಿಷಿಯನ್ ಬರೋವರೆಗೂ ಇಲ್ಲಿಂದ ಕದಲಲ್ಲ" ಎಂದು ಬಾಗಿಲಲ್ಲೇ ಕೂತೆ. ಯಜಮಾನರು ಗೊಣಗುತ್ತಾ ಫೋನ್ ಮಾಡಿದರು.

ಎಲೆಕ್ಟ್ರಿಷಿಯನ್ ಬಂದು ತಗಡು ಬಿಚ್ಚಿದ. ಹಿಂದೆಂದೋ ಸಂದಿ ಮುಚ್ಚಲು ಹೊಡೆದಿದ್ದ ಸ್ಕ್ರೂ ಒಳಗಿನ ವೈರನ್ನು ಗೀರಿತ್ತು, ಮಳೆನೀರು ಇಳಿದಾಗಲೆಲ್ಲ ತಗಡಿಗೆ ಕರೆಂಟ್ ಹರಿಯುತ್ತಿತ್ತು. ಮನೆಗೆ ಅರ್ಥಿಂಗೂ ಇರಲಿಲ್ಲ. ಸಂಜೆಯ ಹೊತ್ತಿಗೆ ಎರಡೂ ಸರಿಹೋದವು. ಒಂದು ಹಗಲಿನ ಕೆಲಸ! ಅಷ್ಟಕ್ಕೆ ಅವಳು ಮಳೆಗಾಲವಿಡೀ ಮಗುವನ್ನು ಕೆಳಗೆ ಬಿಡದೆ ಕಳೆದಿದ್ದಳು. ಹೊರಡುವಾಗ ಮಂಜುಳಾ ಮಗುವನ್ನು ನೆಲಕ್ಕೆ ಬಿಟ್ಟಳು. ಅದು ಗೋಡೆ ಹಿಡಿದೇ ಎದ್ದು ನಿಂತಿತು.

ಕತೆ ಇಲ್ಲಿಗೇ ಮುಗಿದಿದ್ದರೆ ನನಗೂ ನೆಮ್ಮದಿಯಾಗುತ್ತಿತ್ತು.

ವಾಪಸ್ ಬರುವಾಗ ಬೈಕ್ ಓಡಿಸುತ್ತಾ ರಮೇಶ ಹೇಳಿದ: "ಅಕ್ಕ, ಇನ್ಮೇಲೆ ರೇಟ್ ಇಳಿಸ್ತಾನೆ ನೋಡು. ತಗಂಡ್ಬುಡೋಣ."

"ಆ ತುಕ್ಕಿನ ಮನೇಲಿ ಮಕ್ಕಳನ್ನ ಇಡ್ತೀಯೇನ್ಲಾ?"

"ಥೂ, ನಾವ್ಯಾಕೆ ಇರಾನ? ಬಾಡ್ಗೆಗೆ ಬಿಟ್ರಾಯ್ತು."

"ಬೈಕ್ ನಿಲ್ಸು" ಅಂದೆ. ಇಳಿದು ಬಸ್ ಹತ್ತಿ ಮನೆಗೆ ಬಂದೆ. ನಡೆದದ್ದನ್ನು ಅವನ ಹೆಂಡತಿಗೆ ನಾನೇ ಹೇಳಿದೆ. ಅವಳು ಕೊಳ್ಳಲು ಒಪ್ಪಲಿಲ್ಲ, ಮನೆಯ ಮಾತು ಅಲ್ಲಿಗೆ ನಿಂತಿತು. ತಮ್ಮ ಈಗ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಬಿಡಲಿ. ಮತ್ತೆ ಮಾತಾಡಿದ ದಿನ ಕೇಳುವುದು ಒಂದೇ ಇದೆ:

ನಿನ್ನ ಮಕ್ಕಳಿಗೆ ಆಗದ ಮನೆ, ಬಾಡಿಗೆಗೆ ಬರುವವರ ಮಕ್ಕಳಿಗೆ ಹೇಗೆ ಆಗುತ್ತದೆ ಕಣೋ?