ಅಮ್ಮನ ತಲೆನೋವಿಗೆ ಸಿಕ್ಕ ಹೆಸರು

ಹೋದ ವರ್ಷ ಒಂದು ಬೆಳಿಗ್ಗೆ ಅಕ್ಕ ಫೋನ್ ಮಾಡಿ, "ಎಡಗಣ್ಣಿನ ರೆಪ್ಪೆ ಮೇಲಕ್ಕೇ ಬರ್ತಿಲ್ಲ ಕಣೋ" ಅಂದಳು. ಅವಳ ಮನೆ ವಿಜಯನಗರದಲ್ಲಿ, ನನ್ನದು ಪಕ್ಕದ ಆರ್‌ಪಿಸಿ ಲೇಔಟ್‌ನಲ್ಲಿ. ನಾನು ಹೋಗಿ ನೋಡಿದಾಗ ಬೆರಳಲ್ಲಿ ರೆಪ್ಪೆ ಎತ್ತಿ ಹಿಡಿದುಕೊಂಡೇ ಪೇಪರ್ ಓದುತ್ತಿದ್ದಳು. ಬಿಟ್ಟರೆ ಅಂಗಡಿ ಷಟರ್ ಇಳಿದ ಹಾಗೆ ಕಣ್ಣು ಮುಚ್ಚಿಹೋಗುತ್ತಿತ್ತು. ಕಣ್ಣಿನ ಹಿಂದೆ ನೋವು ಬೇರೆ.

ನಾವು ಹೋದದ್ದು ಕಣ್ಣಿನ ಡಾಕ್ಟರ ಹತ್ತಿರ. ಅವರು ಟಾರ್ಚ್ ಬಿಟ್ಟು ನೋಡಿದವರೇ ಕನ್ನಡಕದ ಮಾತನ್ನೇ ಎತ್ತದೆ, ಈಗಲೇ ದೊಡ್ಡ ಆಸ್ಪತ್ರೆಗೆ ಹೋಗಿ ತಲೆ ಸ್ಕ್ಯಾನ್ ಮಾಡಿಸಿ ಅಂತ ಕಳಿಸಿದರು. ಸಂಜೆಯ ಹೊತ್ತಿಗೆ ಅಕ್ಕ ಆಸ್ಪತ್ರೆಯ ಹಾಸಿಗೆ ಮೇಲಿದ್ದಳು.

ಮೆದುಳಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಂಪ್ಯೂಟರ್ ಪರದೆಯನ್ನು ನಮ್ಮ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದರು. ಕವಲೊಡೆದ ರಕ್ತನಾಳದ ಸಂದಿಯಲ್ಲಿ ನೇರಳೆ ಹಣ್ಣಿನ ಹಾಗೆ ಏನೋ ಒಂದು ತೂಗುತ್ತಿತ್ತು.

"ಇದಕ್ಕೆ ಅನ್ಯೂರಿಸಂ ಅಂತೀವಿ ಮೇಡಂ. ರಕ್ತನಾಳದ ಗೋಡೆ ತೆಳುವಾದ ಕಡೆ ಹೀಗೆ ಉಬ್ಬುತ್ತೆ. ಇದು ಕಣ್ಣಿನ ನರವನ್ನ ಒತ್ತುತ್ತಾ ಇದೆ, ಅದಕ್ಕೇ ರೆಪ್ಪೆ ಬಿದ್ದಿರೋದು. ಒಡೆಯೋದಕ್ಕೆ ಮುಂಚೆ ಗೊತ್ತಾಗಿದ್ದು ಒಳ್ಳೇದಾಯ್ತು."

ನಾನು ಪರದೆಯಿಂದ ಮುಖ ತಿರುಗಿಸಿದೆ. ಅಕ್ಕ ಮಾತ್ರ, "ಎಲ್ಲ ಉಬ್ಬೂ ಒಂದೇ ಥರವಾ, ಬೇರೆ ಬೇರೆ ಇದಾವಾ?" ಅಂತ ಕೇಳಿದಳು. ಪ್ರೈಮರಿ ಸ್ಕೂಲಿನಲ್ಲಿ ಕನ್ನಡ ಮಿಸ್ ಆಗಿ ರಿಟೈರ್ ಆದವಳು ಅವಳು. ಒಂದು ಪದ ಕಿವಿಗೆ ಬಿದ್ದರೆ ಅದರ ಅರ್ಥ ಕೈಗೆ ಸಿಗುವವರೆಗೂ ಬಿಡುವವಳಲ್ಲ. ಭಯವಾದಾಗ ಇನ್ನೂ ಜಾಸ್ತಿ ಕೇಳುತ್ತಾಳೆ ಅನ್ನುವುದು ನನಗೆ ಗೊತ್ತಿತ್ತು.

ಡಾಕ್ಟರು ನಕ್ಕು ಸಮಾಧಾನವಾಗಿಯೇ ಹೇಳಿದರು. ಒಂದು ಪಕ್ಕಕ್ಕೆ ಚೀಲದ ಹಾಗೆ ಉಬ್ಬಿದರೆ ಸ್ಯಾಕ್ಯುಲರ್, ಅಕ್ಕನದ್ದು ಅದೇ. ನಾಳ ಸುತ್ತಲೂ ಉಬ್ಬಿ ಮಧ್ಯೆ ದಪ್ಪಗಾದರೆ ಫ್ಯೂಸಿಫಾರ್ಮ್, ಅದು ಹೆಚ್ಚಾಗಿ ಹೊಟ್ಟೆಯ ಮಹಾಪಧಮನಿಯಲ್ಲಿ ಬರುವುದು, ಬೀಡಿ ಸಿಗರೇಟು ಸೇದಿದ ಗಂಡಸರಿಗೆ ಜಾಸ್ತಿ. ಗೋಡೆಯ ಪದರ ಸೀಳಿ ಮಧ್ಯೆ ರಕ್ತ ನುಗ್ಗಿದರೆ ಡಿಸೆಕ್ಟಿಂಗ್. ಸೋಂಕಿನಿಂದ ಆಗುವುದು ಇನ್ನೊಂದಿದೆ, ಅಪರೂಪ.

ಡಾಕ್ಟರು ಹೋದ ಮೇಲೆ ಅಕ್ಕ ದಿಂಬಿಗೆ ಒರಗಿ ಒಂದೊಂದನ್ನೇ ತನ್ನ ಭಾಷೆಗೆ ತಂದುಕೊಂಡಳು. "ನಂದು ಚೀಲ. ಇನ್ನೊಂದು ತಕಲಿ ಕಣೋ, ನೂಲು ಸುತ್ತಿದ ತಕಲಿ ಮಧ್ಯೆ ದಪ್ಪ ಇರ್ತಿತ್ತಲ್ಲ, ಹಾಗೆ. ಆ ಮೂರನೇದು, ಸೀರೆಗೂ ಫಾಲ್‌ಗೂ ಮಧ್ಯೆ ಹೊಲಿಗೆ ಬಿಟ್ಟು ನೀರು ತುಂಬ್ಕೊಳ್ಳೋ ಹಾಗೆ."

ತಕಲಿ ಅಂದದ್ದೇ ಇಬ್ಬರಿಗೂ ಸ್ಕೂಲು ನೆನಪಾಯಿತು. ರಾಜಾಜಿನಗರದ ನಮ್ಮ ಸ್ಕೂಲಿನಲ್ಲಿ ವಾರಕ್ಕೊಂದು ಪೀರಿಯಡ್ ನೂಲುವುದಿತ್ತು. ನನ್ನ ನೂಲು ಎಳೆದ ಕೂಡಲೇ ಹರಿದುಹೋಗುತ್ತಿತ್ತು. ಮನೆಗೆ ತಂದರೆ ಅಮ್ಮ ಹೊಸಿಲ ಮೇಲೆ ಕೂತು, ತೊಡೆ ಮೇಲೆ ತಕಲಿ ಉಜ್ಜಿ, ಕೂದಲಿನಷ್ಟು ಸಣ್ಣಗೆ ಎಳೆದುಕೊಡುತ್ತಿದ್ದಳು. ಅದನ್ನು ನಾನೇ ನೂತದ್ದು ಅಂತ ಮೇಷ್ಟ್ರು ನಂಬುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ.

ಮಾರನೇ ದಿನ ಡಾಕ್ಟರು ಬಂದು ಚಿಕಿತ್ಸೆಯ ಬಗ್ಗೆ ಹೇಳಿದರು. ತಲೆಬುರುಡೆ ತೆರೆದು ಉಬ್ಬಿನ ಕುತ್ತಿಗೆಗೆ ಕ್ಲಿಪ್ ಹಾಕುವುದು ಒಂದು ದಾರಿ. ತೊಡೆಸಂದಿಯ ರಕ್ತನಾಳದಿಂದ ಸಣ್ಣ ನಳಿಗೆ ತೂರಿಸಿ, ಮೆದುಳಿನವರೆಗೂ ಹೋಗಿ, ಆ ಚೀಲದೊಳಗೆ ಕೂದಲಿನಂಥ ತಂತಿಯ ಸುರುಳಿ ತುಂಬುವುದು ಇನ್ನೊಂದು. ಅಕ್ಕನಿಗೆ ಎರಡನೆಯದು ಅಂತ ತೀರ್ಮಾನವಾಗಿತ್ತು. ಎದ್ದು ಹೊರಡುವಾಗ ಅವರು ಕೇಳಿದರು. "ನಿಮ್ಮ ಮನೇಲಿ ಯಾರಾದ್ರೂ ಇದ್ದಕ್ಕಿದ್ದ ಹಾಗೆ ಜೋರು ತಲೆನೋವು ಬಂದು ತೀರಿಕೊಂಡಿದ್ರಾ?"

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

ಅಮ್ಮ ಹೋದಾಗ ನಾನು ಮಿಡ್ಲ್ ಸ್ಕೂಲಿನಲ್ಲಿದ್ದೆ. ಬೇಸಿಗೆ ರಜ. ಅಮ್ಮ ಮತ್ತು ನಮ್ಮ ಬೀದಿಯಲ್ಲೇ ಇದ್ದ ಅವಳ ಅಕ್ಕ, ನಮ್ಮ ದೊಡ್ಡಮ್ಮ, ಅಕ್ಕಪಕ್ಕ ಕೂತು ತಾರಸಿ ಮೇಲೆ ಸಂಡಿಗೆ ಇಡುತ್ತಿದ್ದರು. ಹಿಟ್ಟಿನ ಪಾತ್ರೆಯಲ್ಲಿ ಕೈ ಇಟ್ಟಿದ್ದ ಅಮ್ಮ ತಟ್ಟನೆ ನಿಲ್ಲಿಸಿ, "ಅಕ್ಕ, ಹಿಂದಿನಿಂದ ಯಾರೋ ತಲೆಗೆ ಹೊಡೆದ ಹಾಗಾಯ್ತಲ್ಲೇ" ಅಂದಳು. ಹಿಂದೆ ಯಾರೂ ಇರಲಿಲ್ಲ. ಆಮೇಲೆ ವಾಂತಿ. ಕೆಳಗೆ ಕರೆತಂದು ಮಲಗಿಸಿದರೆ ಬೆಳಕು ನೋಡಲಾರೆ ಅಂದಳು, ಕತ್ತು ಮರದ ಹಾಗೆ ಸೆಟೆದಿತ್ತು. ಬಿಸಿಲು ಹೊಡೆದಿದೆ ಅಂತ ಎಲ್ಲರೂ ಮಜ್ಜಿಗೆ ಕುಡಿಸಲು ನೋಡಿದರು. ಮಾರನೆಯ ದಿನ ಅಮ್ಮ ಇರಲಿಲ್ಲ.

ಅಕ್ಕ ಇದನ್ನೆಲ್ಲ ತಾನೇ ಹೇಳಿದಳು, ಒಂದೇ ದನಿಯಲ್ಲಿ. ಡಾಕ್ಟರು ಮತ್ತೆ ಕುರ್ಚಿ ಎಳೆದುಕೊಂಡು ಕೂತು ಪೂರ್ತಿ ಕೇಳಿಸಿಕೊಂಡರು. "ಈಗ ಖಚಿತವಾಗಿ ಹೇಳೋಕಾಗಲ್ಲ ಮೇಡಂ. ಆದ್ರೆ ನೀವು ಹೇಳ್ತಿರೋದು ಅನ್ಯೂರಿಸಂ ಒಡೆದು ಮೆದುಳಿನ ಸುತ್ತ ರಕ್ತ ಹರಿದಾಗ ಆಗೋ ಲಕ್ಷಣವೇ. ಕೆಲವು ಮನೆತನಗಳಲ್ಲಿ ಇದು ಬರುತ್ತೆ."

"ಬಿಸಿಲಿಗೆ ಆಗುತ್ತಾ ಅದು?"

"ಇಲ್ಲ. ಬಿಸಿಲಿನ ಹೊಡೆತ ಬೇರೆ, ಇದು ಬೇರೆ. ಆ ಉಬ್ಬು ಮೊದಲಿಂದಲೇ ಇದ್ದಿರುತ್ತೆ."

ನನಗೂ ಪರೀಕ್ಷೆ ಮಾಡಿಸಬೇಕು ಅಂದರು. ಅಕ್ಕನ ತಲೆಯೊಳಗೆ ಸುರುಳಿ ತುಂಬಿ ಅವಳು ಮನೆಗೆ ಬಂದ ಮೇಲೆ ನಾನೂ ಆ ಗಡಗಡ ಸದ್ದಿನ ಸ್ಕ್ಯಾನ್ ಕೊಳವೆಯೊಳಗೆ ಕಣ್ಣು ಮುಚ್ಚಿ ಮಲಗಿದೆ. ಅಮ್ಮ ಕೊನೆಗೆ ಮಲಗಿದ್ದ ಚಾಪೆಯ ಹಸಿರು ಅಂಚು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ನೆನಪಾಗಿರಲಿಲ್ಲ, ಅಲ್ಲಿ ನೆನಪಾಯಿತು. ನನ್ನ ತಲೆಯಲ್ಲಿ ಏನೂ ಸಿಗಲಿಲ್ಲ. ಅಕ್ಕನ ರೆಪ್ಪೆ ತಿಂಗಳುಗಳಲ್ಲಿ ನಿಧಾನವಾಗಿ ಮೇಲೆದ್ದಿತು. ಈಗಲೂ ಸುಸ್ತಾದಾಗ ಸ್ವಲ್ಪ ಇಳಿಯುತ್ತದೆ.

ಓಡಾಡುವಷ್ಟು ಚೇತರಿಸಿಕೊಂಡ ಕೂಡಲೇ ಅವಳು ಅಂದಳು. "ದೊಡ್ಡಮ್ಮನಿಗೆ ಹೇಳ್ಬೇಕು."

ಯಾಕೆ ಅಂತ ನಾನು ಕೇಳಲಿಲ್ಲ. ಆ ದಿನ ಅಮ್ಮ ಬೇಡ ಅಂದರೂ ಬಿಸಿಲು ಚೆನ್ನಾಗಿದೆ ಬಾ ಅಂತ ತಾರಸಿಗೆ ಕರೆದದ್ದು ದೊಡ್ಡಮ್ಮ. ಆಮೇಲೆ ಅವರು ನಮಗೆ ಎಣ್ಣೆ ನೀರು ಹಾಕಿದರು, ಅಕ್ಕನ ಮದುವೆಯಲ್ಲಿ ಅಮ್ಮನ ಜಾಗದಲ್ಲಿ ನಿಂತರು. ಆದರೆ ಅಮ್ಮನ ಮಾತು ಮಾತ್ರ ಯಾವತ್ತೂ ಎತ್ತಲಿಲ್ಲ. ನಾವು ಎತ್ತಿದರೆ ಎದ್ದು ಒಳಗೆ ಹೋಗುತ್ತಿದ್ದರು.

ಈಗ ಅವರು ಕೆಂಗೇರಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ವಿಜಯನಗರದಲ್ಲಿ ಮೆಟ್ರೋ ಹತ್ತಿ ಹೋದೆವು. ದೊಡ್ಡಮ್ಮ ಅವರೆಕಾಳು ಹಿಸುಕುತ್ತಾ ಕೂತಿದ್ದರು. ಅಕ್ಕ ಪಕ್ಕದಲ್ಲಿ ಕೂತು ತಾನೂ ಒಂದು ಹಿಡಿ ಕಾಳು ತೆಗೆದುಕೊಂಡಳು. ಒಂದು ಕಾಳನ್ನು ತೋರಿಸಿ, "ದೊಡ್ಡಮ್ಮ, ನನ್ನ ತಲೆ ಒಳಗಿನ ನರ ಇಷ್ಟು ದಪ್ಪ ಉಬ್ಬಿತ್ತು" ಅಂತ ಶುರು ಮಾಡಿದಳು. "ಅಮ್ಮನಿಗೂ ಇದೇ ಇದ್ದಿರ್ಬೇಕು ಅಂದ್ರು ಡಾಕ್ಟ್ರು. ಮೊದಲಿಂದಲೇ ಇದ್ದಿದ್ದು, ಅವತ್ತು ಒಡೀತು. ಒಳಗೆ ಮಲಗಿದ್ರೂ ಒಡೀಬಹುದಿತ್ತು. ಬಿಸಿಲಿಗಲ್ಲ."

ದೊಡ್ಡಮ್ಮನ ಕೈ ಕಾಳಿನ ಮೇಲೆ ಹಾಗೇ ನಿಂತಿತು.

"ಡಾಕ್ಟ್ರು ಹಾಗಂದ್ರಾ?"

"ನಾನೇ ಕೇಳ್ದೆ. ಇಲ್ಲ ಅಂತ ಬಾಯಿಬಿಟ್ಟು ಹೇಳಿದ್ರು."

"ಅದಕ್ಕೆ ಏನಂತಾರೆ, ಇನ್ನೊಂದ್ಸಲ ಹೇಳು."

ಅಕ್ಕ ಸ್ಕೂಲಿನಲ್ಲಿ ಹೇಳಿಕೊಡುವ ಹಾಗೆ ಬಿಡಿಸಿ ಹೇಳಿದಳು. ದೊಡ್ಡಮ್ಮ ಬೊಚ್ಚುಬಾಯಿಯಲ್ಲಿ "ಅನ್ಯೂರಿಸಂ" ಅಂತ ಎರಡು ಮೂರು ಸಲ ಅಂದುಕೊಂಡರು. ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಕಾಳು ಹಿಸುಕತೊಡಗಿದರು.

ಊಟವಾದ ಮೇಲೆ, ನಾವು ಕೇಳದೆ ಇದ್ದರೂ, ಅವರೇ ಮಾತು ಎತ್ತಿದರು. "ನಿಮ್ಮಮ್ಮ ಸೈಕಲ್ ಹೊಡೀತಿದ್ಲು, ಗೊತ್ತಾ?"

ನಮಗೆ ಗೊತ್ತಿರಲಿಲ್ಲ. ಈಗಿನ ಬಸವೇಶ್ವರನಗರದ ಕಡೆ ಆಗ ಬರೀ ಬಯಲಂತೆ. ನಾವು ಹುಟ್ಟುವುದಕ್ಕೆ ಮುಂಚೆ, ಬೆಳಿಗ್ಗೆ ಹಾಲು ತರುವ ನೆಪದಲ್ಲಿ ಅಕ್ಕತಂಗಿ ಇಬ್ಬರೂ ನಮ್ಮಪ್ಪನ ಸೈಕಲ್ ತಳ್ಳಿಕೊಂಡು ಅಲ್ಲಿಗೆ ಹೋಗುತ್ತಿದ್ದರಂತೆ. ಅಮ್ಮ ಸೀರೆ ಎತ್ತಿ ಸಿಕ್ಕಿಸಿ ಅಡ್ಡಕಂಬಿಯ ಕೆಳಗಿಂದ ಒಳಗಾಲು ಹಾಕಿ ತುಳಿಯುತ್ತಿದ್ದಳು, ದೊಡ್ಡಮ್ಮ ಹಿಂದೆ ಕ್ಯಾರಿಯರ್ ಹಿಡಿದು ಓಡುತ್ತಿದ್ದರು.

"ಕೈ ಬಿಡಬೇಡ ಅಕ್ಕ, ಕೈ ಬಿಡಬೇಡ ಅಂತಾನೇ ಹೋಗ್ತಿದ್ಲು. ನಾನು ಯಾವಾಗಲೋ ಬಿಟ್ಟಿರ್ತಿದ್ದೆ. ಅವಳು ಅಷ್ಟು ದೂರ ಹೋಗಿ ತಿರುಗಿ ನೋಡಿ ನಗೋಳು."

ಹೇಳುತ್ತಾ ದೊಡ್ಡಮ್ಮನೂ ನಕ್ಕರು, ಅವರು ಹಾಗೆ ನಕ್ಕಿದ್ದನ್ನು ನಾನು ನೋಡೇ ಇರಲಿಲ್ಲ. ಅಕ್ಕ ನೆಲಕ್ಕೆ ಇಳಿದು ಅವರ ಕಾಲ ಹತ್ತಿರ ಕೂತು, "ಆಮೇಲೆ?" ಅಂದಳು.