ಝೆಲ್ಮಾ ತನ್ನ ಹೆಸರಿನ ದೋಣಿ ಮಾರಿದ್ದು

ಝೆಲ್ಮಾ ಸ್ಟ್ಯಾಂಪರ್ ನನ್ನ ಪಕ್ಕದ ಮನೆಯವಳು. ಎಪ್ಪತ್ತು ದಾಟಿದೆ, ಮೊಣಕಾಲು ಕೈಕೊಟ್ಟಿದೆ, ನಾಲಿಗೆಗೆ ಮಾತ್ರ ಇನ್ನೂ ಹರೆಯ. ಕೆಂಟಕಿಯ ಈ ಕಣಿವೆಯಲ್ಲಿ ಅವಳ ಬಾಯಿಗೆ ಸಿಕ್ಕಿ ನೆಟ್ಟಗೆ ಮನೆ ಸೇರಿದವರಿಲ್ಲ. ಅವಳಿಗೆ ಒಬ್ಬನೇ ಮಗ, ಆರ್ಲಿಸ್. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಇವನು ನಲವತ್ತರ ಹತ್ತಿರ ಬಂದರೂ ಮುದ್ದಾಗಿಯೇ ಉಳಿದಿದ್ದ.

ಛಾವಣಿ ರಿಪೇರಿಯ ಕೂಲಿಗೆ ಹೋಗಿ ಬಿದ್ದು ಸೊಂಟ ಮುರಿದುಕೊಂಡವನು ಆರ್ಲಿಸ್. ನೋವು ಸುಳ್ಳಲ್ಲ, ನಾನೇ ಕಂಡಿದ್ದೇನೆ. ಮಳೆಯ ದಿನ ಕುರ್ಚಿಯಿಂದ ಏಳಲಾರ. ಕೋರ್ಟಿಗೆ ಹೋಗಬೇಕಾದ ದಿನ ಮಾತ್ರ ಅದು ಎರಡರಷ್ಟಾಗುತ್ತಿತ್ತು. ಹೆಂಡತಿ ಟ್ವೈಲಾ ಅವನನ್ನು ಬಿಟ್ಟು ಹೊರಟಾಗ, ಮಗಳು ರೆನಿಯ ಪಾಲನೆಗೆ ತಿಂಗಳಿಗಿಷ್ಟು ಕೊಡು ಎಂದು ಜಡ್ಜು ಹೇಳಿದರು. ಹೇಳಿದರೆ ಆಯಿತೇ? ಅವನಿಗೆ ಬರುವುದು ಆಸ್ತಿಪಾಸ್ತಿ ಏನೂ ಇಲ್ಲದ ಅಂಗವಿಕಲರಿಗೆ ಸರ್ಕಾರ ಕೊಡುವ ಭತ್ಯೆ. ಅದರಲ್ಲಿ ಒಂದು ಡಾಲರ್ ಕತ್ತರಿಸುವ ಅಧಿಕಾರ ಕೋರ್ಟಿಗೂ ಇಲ್ಲ.

ಹೀಗಾಗಿ ಏನೂ ಇಲ್ಲದವನಾಗಿರುವುದೇ ಆರ್ಲಿಸನ ಕಸುಬಾಯಿತು. ಮೀನು ಹಿಡಿಯುವ ಮೋಟಾರು ದೋಣಿ ಇತ್ತು, ಹೊಸದರಂತೆ ಹೊಳೆಯುತ್ತಿತ್ತು. ಅದನ್ನು ಅಮ್ಮನ ಹೆಸರಿಗೆ ಮಾಡಿಸಿ, ಅವಳ ಹಿತ್ತಲಲ್ಲೇ ನಿಲ್ಲಿಸಿದ.

"ಸುಮ್ನೆ ಒಂದ್ ಸೈನ್ ಹಾಕಮ್ಮ, ಹೆಸರಿಗಷ್ಟೇ," ಅಂದನಂತೆ.

ಇವಳು ಹಾಕಿದಳು. ಅದಕ್ಕೆ ನಾನು ಅವಳಿಗೆ ಬೈದದ್ದು ಅಷ್ಟಿಷ್ಟಲ್ಲ. ಆ ಮಗುವಿನ ಕಾಲಿಗೆ ನೆಟ್ಟಗೊಂದು ಜೊತೆ ಬೂಟಿಲ್ಲ, ಇವನು ವಾರವಿಡೀ ಕೆರೆಯಲ್ಲಿ ಗಾಳ ಹಾಕಿಕೊಂಡು ಕೂತಿರುತ್ತಾನೆ. ನನಗಂತೂ ಮೈಯೆಲ್ಲ ಉರಿಯುತ್ತಿತ್ತು.

ಈ ವಸಂತದಲ್ಲಿ ಟ್ವೈಲಾ ಬಂದು ಅಂಗಳದಲ್ಲೇ ನಿಂತು ಹೇಳಿದಳು, "ಅತ್ತೆ, ಬಾಡಿಗೆ ಕಟ್ಟೋಕೆ ಆಗ್ತಿಲ್ಲ. ಶಾಲೆ ಮುಗಿದ ತಕ್ಷಣ ರೆನೀನ ಕರ್ಕೊಂಡು ಓಹಾಯೋಗೆ ಹೋಗ್ತೀನಿ, ನಮ್ಮಕ್ಕನ ಮನೆಗೆ. ಆಗಲೇ ಗಂಟುಮೂಟೆ ಕಟ್ತಿದೀನಿ."

ರೆನಿಗೆ ಎಂಟು ವರ್ಷ. ದಿನಾ ಶಾಲೆಯಿಂದ ನೇರ ಅಜ್ಜಿಯ ಮನೆಗೇ ಬರುವವಳು. ಝೆಲ್ಮಾ ಆ ಸಂಜೆ ನನ್ನ ಅಡುಗೆಮನೆಯಲ್ಲಿ ಕೂತು, ಕೊಟ್ಟ ಕಾಫಿ ಮುಟ್ಟಲಿಲ್ಲ.

"ಆ ಹುಡುಗಿ ಹೋದ್ರೆ ನಂಗೆ ಯಾರಿದ್ದಾರೆ ಕಣೇ," ಎಂದು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಇದ್ದಕ್ಕಿದ್ದಂತೆ ನಕ್ಕಳು. ಆ ನಗು ನನಗೆ ಗೊತ್ತು. ಯಾರಿಗೋ ಗ್ರಹಚಾರ ಕಾದಿದೆ ಎಂದು ಅದರರ್ಥ.

"ನಿನ್ನ ಹತ್ರ ಹಳೇ ಪಾತ್ರೆ ಪಗಡೆ ಇದ್ರೆ ಶನಿವಾರ ತಗೊಂಬಾ," ಎಂದಳು. "ಅಂಗಳದಲ್ಲಿ ಸಾಮಾನು ಮಾರಾಟಕ್ಕಿಡ್ತೀನಿ."

ಶನಿವಾರ ಅರ್ಧ ಕಣಿವೆಯೇ ಬಂದಿತ್ತು. ಮೇಜಿನ ಮೇಲೆ ಬಾಯಿ ಒಡೆದ ಕಪ್ಪುಗಳು, ತೀರಿಕೊಂಡ ಗಂಡನ ಟೋಪಿಗಳು, ನನ್ನ ಸುಟ್ಟ ಬಾಣಲೆ. ನಡುವೆ, ತೊಳೆದು ಒರೆಸಿ ಮದುಮಗಳ ಹಾಗೆ ನಿಲ್ಲಿಸಿದ ದೋಣಿ. ನಮ್ಮ ಚರ್ಚಿನ ಪಾದ್ರಿಗಳು ಅದರ ಸುತ್ತ ಸುತ್ತುತ್ತಿದ್ದರು. ಪರಲೋಕದ ಮಾತಾಡುವಾಗ ಕೂಡ ಅವರ ಕಣ್ಣಿನಲ್ಲಿ ಅಂಥ ಆಸೆ ನಾನು ಕಂಡಿಲ್ಲ.

ಯಾರೋ ಸುದ್ದಿ ಮುಟ್ಟಿಸಿರಬೇಕು, ಆರ್ಲಿಸ್ ತನ್ನ ಡಕೋಟ ಟ್ರಕ್ಕಿನಲ್ಲಿ ಬಂದಿಳಿದ.

"ಅಮ್ಮಾ, ಏನಿದು?"

"ಕಾಣಲ್ವಾ? ದೋಣಿ."

"ನನ್ ದೋಣಿ ಅದು," ಎಂದ, ಹಲ್ಲು ಕಚ್ಚಿಕೊಂಡು, ಮೆಲ್ಲಗೆ.

"ಏನಂದೆ? ಜೋರಾಗಿ ಹೇಳಪ್ಪ, ಕಿವಿ ಮಂದ ನಂಗೆ." ನಾನು ಫ್ರಿಜ್ಜಿನ ಬಾಗಿಲು ತೆಗೆದರೂ ಬೇಲಿಯಾಚೆ ಅವಳಿಗೆ ಕೇಳಿಸುತ್ತದೆ.

ಪಾದ್ರಿಗಳು ಜೇಬಿಗೆ ಹಾಕಿದ್ದ ಕೈಯನ್ನು ಅಲ್ಲೇ ನಿಲ್ಲಿಸಿದರು. "ಆರ್ಲಿಸ್, ನಿಂದಾದ್ರೆ ಈಗ್ಲೇ ಹೇಳಪ್ಪ. ನಾನು ತಗೊಳಲ್ಲ."

ಎಲ್ಲರೂ ಕೈಯಲ್ಲಿದ್ದ ಸಾಮಾನು ಬಿಟ್ಟು ಅವನನ್ನೇ ನೋಡಿದರು. ನನ್ನದು ಎಂದರೆ ಭತ್ಯೆಗೆ ಸಂಚಕಾರ, ಕೋರ್ಟಿನವರೂ ಬೆನ್ನು ಹತ್ತುತ್ತಾರೆ. ಅಲ್ಲ ಎಂದರೆ ದೋಣಿ ಹೋಯಿತು. ಬಿಸಿ ತುಪ್ಪ, ಉಗುಳುವ ಹಾಗೂ ಇಲ್ಲ, ನುಂಗುವ ಹಾಗೂ ಇಲ್ಲ.

"ನಂದಲ್ಲ," ಎಂದ.

"ಕೇಳಿಸ್ತಲ್ಲ ಪಾದ್ರಿಗಳೇ? ನಾಲ್ಕು ಸಾವಿರ ಡಾಲರ್."

"ಮೂರು ಮಾಡಿಕೊಳ್ಳಮ್ಮ."

"ದೇವರ ಕೆಲಸ ಮಾಡೋರು ವಿಧವೆ ಹತ್ರ ಚೌಕಾಸಿ ಮಾಡ್ತಾರಾ?"

ಮೂರೂವರೆ ಸಾವಿರಕ್ಕೆ ವ್ಯಾಪಾರ ಮುಗಿಯಿತು. ಆರ್ಲಿಸ್ ತಾಯಿಯ ಹತ್ತಿರ ಬಂದ, ಮುಖ ಕೆಂಪಾಗಿತ್ತು. "ಹೆತ್ತ ಮಗನಿಗೇ ಟೋಪಿ ಹಾಕಿದ್ಯಲ್ಲಮ್ಮ."

"ನೀನು ಚಾಪೆ ಕೆಳಗೆ ತೂರಿದೆ. ನಾನು ರಂಗೋಲಿ ಕೆಳಗೆ ತೂರಿದೆ. ಯಾರ ಹೊಟ್ಟೇಲಿ ಹುಟ್ಟಿದೀಯ ಅನ್ನೋದು ಮರೆತಿದ್ಯಾ?"

ಅವನು ಟ್ರಕ್ಕಿನ ಬಾಗಿಲು ಬಡಿದುಕೊಂಡು ಹೊರಟುಹೋದ.

ಸೋಮವಾರ ನಾನೇ ಅವಳನ್ನು ಪಟ್ಟಣಕ್ಕೆ ಕರೆದೊಯ್ದೆ. ಕೋರ್ಟಿನ ಕಿಟಕಿಯಲ್ಲಿ ಆರ್ಲಿಸನ ಬಾಕಿಗೆಂದು ಅಷ್ಟನ್ನೂ ಕಟ್ಟಿದಳು. ಒಳಗಿದ್ದ ಹುಡುಗಿ ಕಣ್ಣರಳಿಸಿ, "ಮಗ ಕಳಿಸಿದ್ರಾ?" ಎಂದು ಕೇಳಿದಳು.

"ಹೌದಮ್ಮ. ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟಿದ್ದ. ಮಗಳಂದ್ರೆ ಪ್ರಾಣ ಅವನಿಗೆ."

ನಾನು ಕೆಮ್ಮುತ್ತಾ ಆಚೆಗೆ ನಡೆದೆ. ಆ ದುಡ್ಡು ಕೈಗೆ ಬಂದ ಮೇಲೆ ಟ್ವೈಲಾ ಬಾಡಿಗೆ ಕಟ್ಟಿ, ಕಟ್ಟಿದ್ದ ಗಂಟುಗಳನ್ನೆಲ್ಲ ಬಿಚ್ಚಿದಳು.

ಭಾನುವಾರದ ಊಟಕ್ಕೆ ಆರ್ಲಿಸ್ ತಪ್ಪದೆ ಬರುತ್ತಿದ್ದವನು. ಆ ಭಾನುವಾರ ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ. ಝೆಲ್ಮಾ ಬೀನ್ಸ್ ಬೇಯಿಸಿ, ಮೆಕ್ಕೆಜೋಳದ ಬ್ರೆಡ್ಡು ಸುಟ್ಟು, ಅವನ ತಟ್ಟೆಗೂ ಬಡಿಸಿಟ್ಟಿದ್ದಳು. ರೆನಿ ಎದುರಿಗೆ ಕೂತು ತಿನ್ನುತ್ತಿದ್ದಳು.

"ಮಗ ಮುನಿಸಿಕೊಂಡು ಹೋದ್ನಲ್ಲೇ, ಸಂಕಟ ಆಗಲ್ವಾ?" ಎಂದೆ.

"ಎದೆ ಉರೀತಿದೆ ಕಣೇ. ಆಗದೇ ಇರುತ್ತಾ?" ಎಂದಳು. "ಆದ್ರೆ ಅವನು ಹಸಿದ್ರೆ ಬರ್ತಾನೆ, ದಾರಿ ಗೊತ್ತು, ಟ್ರಕ್ಕಿದೆ. ಈ ಕೂಸು ಓಹಾಯೋದಲ್ಲಿ ಹಸಿದ್ರೆ ನನ್ನ ಮನೆಗೆ ಹೆಂಗೆ ಬರುತ್ತೆ?"

ರೆನಿ ಬ್ರೆಡ್ಡಿನ ಇನ್ನೊಂದು ತುಂಡು ಕೇಳಿದಳು. ಝೆಲ್ಮಾ ಆರ್ಲಿಸನ ತಟ್ಟೆಯಲ್ಲಿದ್ದದ್ದನ್ನೇ ಎತ್ತಿ ಅವಳಿಗೆ ಹಾಕಿದಳು.