ಒಂದೇ ಪದ, ಎರಡು ಕಲ್ಲು

ಮೊನ್ನೆ ಬಂಗಾರಪೇಟೆಯ ನಮ್ಮ ಮನೆಯ ಅಟ್ಟ ಚೊಕ್ಕ ಮಾಡುವಾಗ ಮಗಳ ಹಳೆಯ ಸ್ಲೇಟು ಸಿಕ್ಕಿತು. ಒರೆಸೋಣವೆಂದು ಅದರ ಮೇಲೆ ಹಾ ಎಂದು ಉಸಿರು ಬಿಟ್ಟೆ. ಹಸಿ ಜೇಡಿಮಣ್ಣಿನಂಥ ವಾಸನೆ ಮೂಗಿಗೆ ಬಂತು... ಊರಿಗಾಂನ ಎದುರುಮನೆ ಅಕ್ಕ ನೆನಪಾದಳು.

ಆಗ ನಾವು ಚಿನ್ನದ ಗಣಿಯ ಊರಾದ ಊರಿಗಾಂನಲ್ಲಿ ಬಾಡಿಗೆಗಿದ್ದೆವು. ನಾನು ಕ್ಯಾಸಂಬಳ್ಳಿ ಕಡೆಯ ರೈತರ ಮನೆಯವಳು. ದಿನಾ ರೈಲಿನಲ್ಲಿ ಬೆಂಗಳೂರಿಗೆ ಓಡಾಡಿ ಫ್ರೆಂಚ್ ಕಲಿತಿದ್ದೆ. ನಮ್ಮ ಮನೆತನದಲ್ಲಿ ಇಂಗ್ಲಿಷ್ ಓದಿದವರೇ ಅಪರೂಪ, ಇನ್ನು ಫ್ರೆಂಚ್ ಅಂದರೆ ಕೇಳಬೇಕೇ? ಆ ಜಂಬ ತಲೆಗೇರಿತ್ತು. ಬೆಂಗಳೂರಿನ ಒಂದು ಕಂಪನಿ ಅನುವಾದದ ಕೆಲಸವನ್ನು ಮನೆಗೇ ಕಳಿಸುತ್ತಿತ್ತು. ಒಮ್ಮೆ ಬಂದದ್ದು ಕಲ್ಲುಗಳ ಪಟ್ಟಿ. ಯಾವುದೋ ದೇಶದಲ್ಲಿ ನೆಲ ಕೊರೆದು ತೆಗೆದ ಬಂಡೆಗಳ ಹೆಸರು, ವಿವರ. ಫ್ರೆಂಚಿನಿಂದ ಇಂಗ್ಲಿಷಿಗೆ ತರಬೇಕಿತ್ತು.

ಎದುರುಮನೆ ಅಕ್ಕ ರವಿಕೆ ಹೊಲಿದು ಬದುಕುತ್ತಿದ್ದಳು. ಅವಳ ಅಪ್ಪ ಗಣಿಯ ಆಫೀಸಿನಲ್ಲಿ ಪರೀಕ್ಷೆಗೆಂದು ಕಲ್ಲು ಕೊಯ್ದು ಉಜ್ಜುವ ಕೆಲಸದಲ್ಲಿದ್ದವನು, ಮಗಳಿಗೂ ಕಲ್ಲಿನ ಹುಚ್ಚು ಹಿಡಿಸಿದ್ದ. ಅವಳು ಭೂವಿಜ್ಞಾನದಲ್ಲಿ ಬಿಎಸ್ಸಿ ಮಾಡಿಕೊಂಡಳು. ಗಣಿ ಮುಚ್ಚಿದ ಊರಿನಲ್ಲಿ ಆ ಡಿಗ್ರಿಯನ್ನು ಕೇಳುವವರಿರಲಿಲ್ಲ.

ಆ ಪಟ್ಟಿಯಲ್ಲಿ ‘ಶಿಸ್ತ್’ ಎಂಬ ಫ್ರೆಂಚ್ ಪದ ಪುಟಪುಟಕ್ಕೂ ಬರುತ್ತಿತ್ತು. ಇಂಗ್ಲಿಷಿನಲ್ಲಿ ‘ಶಿಸ್ಟ್’ ಎಂಬ ಕಲ್ಲಿದೆಯಲ್ಲ, ಸುಲಭವಾಯಿತೆಂದು ಎಲ್ಲ ಕಡೆ ಅದನ್ನೇ ಬರೆದುಬಿಟ್ಟೆ. ರವಿಕೆ ಅಳತೆ ಕೊಡಲು ಹೋದಾಗ ಅಕ್ಕನ ಮುಂದೆ ಅದನ್ನೇ ಹೇಳಿಕೊಂಡೆ.

“ಆ ಕಲ್ಲು ಎಂಗೈತೆ ಅಂತ ಬರ್ದವ್ರೆ? ಕನ್ನಡದಾಗೆ ಯೋಳು,” ಎಂದಳು.

“ಬೂದು ಬಣ್ಣ, ಪದರ ಪದರ, ಮೆತ್ತಗಿದೆ, ಒಳಗೆ ಎಲೆಯ ಅಚ್ಚು ಮೂಡಿದೆ ಅಂತ.”

ಅವಳು ಮಿಷನ್ನು ನಿಲ್ಲಿಸಿದಳು. “ಅದು ಶಿಸ್ಟ್ ಅಲ್ಲ ಕಣೇ, ಶೇಲ್. ಕೆಸರು ಗಟ್ಟಿಯಾಗಿ ಆಗಿರೋ ಕಲ್ಲು. ಶಿಸ್ಟ್ ಅಂದ್ರೆ ನಮ್ ಕಾಲಡಿ ಐತಲ್ಲ, ಅದು. ಭೂಮಿಯೊಳಗೆ ಬೆಂದು ಬೆಂದು ಮಿಣಮಿಣ ಅನ್ನೋದು. ಅಷ್ಟು ಬೆಂದಿರೋದ್ರಾಗೆ ಎಲೆ ಅಚ್ಚು ಉಳೀತದಾ?” ಕಲ್ಲು ಕೂಡಿಟ್ಟಿದ್ದ ಬಿಸ್ಕತ್ತಿನ ಡಬ್ಬದಿಂದ ಒಂದು ಬೂದು ಕಲ್ಲಿನ ಚೂರು ತೆಗೆದು, ಉಸಿರು ಬಿಟ್ಟು, ನನ್ನ ಮೂಗಿಗೆ ಹಿಡಿದಳು. “ಮೂಸು. ಕೆಸರಿನ ವಾಸ್ನೆ.”

ಮನೆಗೆ ಬಂದು ದೊಡ್ಡ ನಿಘಂಟು ತೆಗೆದೆ. ಫ್ರೆಂಚರಿಗೆ ಎರಡಕ್ಕೂ ಅದೊಂದೇ ಪದ. ಫ್ರೆಂಚಿನ ಒಂದಕ್ಷರ ಬಾರದವಳು ನನ್ನ ಫ್ರೆಂಚನ್ನು ತಿದ್ದಿದ್ದಳು! ಕೃತಜ್ಞತೆ ಹುಟ್ಟಬೇಕಾದ ಜಾಗದಲ್ಲಿ ಹೊಟ್ಟೆಕಿಚ್ಚು ಹೊತ್ತಿಕೊಂಡಿತು. ಅದರ ಮೇಲೆ ಸಂಗತಿ ಕೇಳಿದ ನಮ್ಮ ಯಜಮಾನರು ಬೇರೆ, “ಈ ಕೆಲಸಾನ ನಿನಗಿಂತ ಅವ್ರೇ ಚೆನ್ನಾಗಿ ಮಾಡ್ತಾರೇನೋ,” ಎಂದು ನಕ್ಕರು.

ಆದರೂ ಬೇರೆ ದಾರಿಯಿಲ್ಲದೆ ಅವಳನ್ನೇ ಕೇಳಿಕೊಂಡೆ. ಹತ್ತು ದಿನ ಅವಳು ಹೊಲಿಗೆ ಬದಿಗಿಟ್ಟು ನನ್ನ ಜೊತೆ ಕೂತಳು. ನಾನು ವಿವರ ಓದುತ್ತಿದ್ದೆ, ಅವಳು ಕಣ್ಣು ಮುಚ್ಚಿ ಕೇಳಿ, ಇದು ಶೇಲ್, ಇದು ಮಾತ್ರ ನಿಜವಾದ ಶಿಸ್ಟ್ ಎಂದು ಬೇರೆ ಮಾಡುತ್ತಿದ್ದಳು. ಒಂದಾದರೂ ತಪ್ಪಲಿ ಎಂದು ನಾನು ಒಳಗೊಳಗೇ ಕಾಯುತ್ತಿದ್ದೆ. ತಪ್ಪಲಿಲ್ಲ.

ಕೆಲಸ ಕಳಿಸಿದ ವಾರಕ್ಕೆ ಕಂಪನಿಯವರ ಫೋನು ಬಂತು. “ಕಲ್ಲು ಗೊತ್ತಿರೋರು ಯಾರೋ ನೋಡಿದ್ದಾರೆ. ಯಾರು? ಅಂಥವರೊಬ್ಬರು ನಮಗೆ ಕಾಯಂ ಬೇಕಾಗಿದ್ದಾರೆ.”

“ಯಾರೂ ಇಲ್ಲ ಸರ್, ನಾನೇ ಓದಿ ತಿಳ್ಕೊಂಡೆ,” ಎಂದೆ. ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ...

ಸಂಜೆ ಅವಳು ಬಾಗಿಲಲ್ಲೇ ಕೇಳಿದಳು. “ಏನಂದ್ರೇ ಕಂಪನಿಯೋರು? ಆ ಎಲೆ ಅಚ್ಚಿಂದು ನೋಡಿದ್ರಾ?”

“ಅದ್ನೆಲ್ಲ ಯಾರು ನೋಡ್ತಾರಕ್ಕ,” ಎಂದು ಒಳಗೆ ಹೋದೆ. ಅವಳ ಮುಖ ನೋಡಲಿಲ್ಲ.

ಎರಡು ವರ್ಷ ಕಳೆಯಿತು. ಬಂಗಾರಪೇಟೆಗೆ ಮನೆ ಬದಲಾಯಿಸುವ ಹಿಂದಿನ ದಿನ, ತಡೆಯಲಾರದೆ ಅವಳ ಮುಂದೆ ಎಲ್ಲ ಹೇಳಿಬಿಟ್ಟೆ. ಈಗಲಾದರೂ ಕಂಪನಿಗೆ ನಿನ್ನ ಹೆಸರು ಹೇಳುತ್ತೇನೆ ಅಂದೆ. ಅವಳು ಕೈಯಲ್ಲಿದ್ದ ಗುಂಡಿ ಹಾಕಿ ಮುಗಿಸಿ, ಹಲ್ಲಿನಿಂದ ದಾರ ಕಡಿದಳು.

“ಎರಡು ವರ್ಸ ನೀನು ಸುಮ್ಕಿದ್ದೆ. ಇವತ್ತೂ ಸುಮ್ಕೆ ಓಗ್ಬೋದಿತ್ತಲ್ಲೇ,” ಎಂದಳು. ನನ್ನ ರವಿಕೆಗಳನ್ನು ಪೇಪರಿನಲ್ಲಿ ಸುತ್ತಿ ಕೊಟ್ಟಳು. “ಓಗು, ಲಗೇಜ್ ಕಟ್ಟೋದೈತಲ್ಲ.”

ಆಮೇಲೆ ನಾವು ಮಾತಾಡಲಿಲ್ಲ. ಅವಳು ಕಾಯಿಲೆಯಾಗಿ ತೀರಿಕೊಂಡ ಸುದ್ದಿ ನನಗೆ ತಿಳಿಯುವ ಹೊತ್ತಿಗೆ ತಿಥಿಯೂ ಮುಗಿದಿತ್ತು. ಹೋಗಿ ಯಾರ ಮುಂದೆ ಅಳಲಿ?

ಈಗಲೂ ಕಲ್ಲಿನ ಪಟ್ಟಿಗಳು ಬರುತ್ತವೆ. ನೋಡಿಕೊಡಲು, ಅಂದು ಅಕ್ಕನಿಗೆ ಸಿಗಬಹುದಾಗಿದ್ದ ಆ ಕೆಲಸಕ್ಕೆ, ಕಂಪನಿ ಭೂವಿಜ್ಞಾನ ಓದಿದ ಒಬ್ಬನನ್ನು ಇಟ್ಟುಕೊಂಡಿದೆ. ಬುದ್ಧಿವಂತ. ನನ್ನ ತಪ್ಪಿಗೆಲ್ಲ ಕೆಂಪು ಗೆರೆ ಎಳೆದು ಕಳಿಸುತ್ತಾನೆ. ಅವನು ಎಷ್ಟು ತಿದ್ದಿದರೂ ನನಗೆ ಹೊಟ್ಟೆ ಉರಿಯುವುದಿಲ್ಲ. ಥ್ಯಾಂಕ್ಸ್ ಎಂದು ಬರೆದು ಮುಂದಿನ ಪುಟಕ್ಕೆ ಹೋಗುತ್ತೇನೆ.